ಮುತ್ತಿಡಬಾರದ ವಾರ

ಮೇ 7, ಮಂಗಳವಾರ

ಈ ತಿಂಗಳು ಮೂರನೆಯ ತಾರೀಕು, ನಮ್ಮ ಪಂಗಡದ ಲೆಕ್ಕದ ಶುಭ ಶುಕ್ರವಾರದ ಸಂಜೆ, ನಮ್ಮ ಚರ್ಚಿನ ಗಂಟೆಗೋಪುರದ ಬುಡದಲ್ಲಿರುವ ಇದ್ದಿಲು ಕೋಣೆಯೊಳಗೆ ಚರ್ಚಿನ ಹಾಡಿನ ಗುರು, ಮುಅಲ್ಲಿಮ್ ಸಿದ್ರಾಕ್ ಅವರನ್ನು ಬಿಟ್ಟು ಹೊರಗಿನಿಂದ ಚಿಲಕ ಹಾಕಲಾಯಿತು. ಶನಿವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಅವರ ಮೈ ತಣ್ಣಗಾಗಿತ್ತು.

‘ಹಾಕಲಾಯಿತು’ ಎಂದು ಬರೆದೆನಲ್ಲ! ಚರ್ಚಿನ ಸಮಿತಿಯವರ ಭಾಷೆ ನನ್ನ ಪೆನ್ನಿಗೂ ಅಂಟಿಕೊಂಡಿದೆ. ಚಿಲಕ ತಾನಾಗಿ ಬೀಳುವುದಿಲ್ಲ. ಅದಕ್ಕೊಂದು ಕೈ ಬೇಕು.

ಭಾನುವಾರ ಈಸ್ಟರ್ ಪೂಜೆ ಮುಗಿದ ಮೇಲೆ ಸಮಿತಿಯ ಹೇಳಿಕೆ ಓದಿದರು. ವಯೋವೃದ್ಧರಾದ ಮುಅಲ್ಲಿಮ್ ಅವರು ವಿಶ್ರಾಂತಿಗೆಂದು ತಾವಾಗಿಯೇ ಆ ಕೋಣೆಗೆ ಹೋಗಿದ್ದರಂತೆ, ದೇವರ ಚಿತ್ತದಂತೆ ಮಲಗಿದ್ದಲ್ಲೇ ಕಣ್ಣು ಮುಚ್ಚಿದರಂತೆ. ಹುಟ್ಟಿದ ಮೂರನೇ ವರ್ಷಕ್ಕೆ ಬೇನೆಯಲ್ಲಿ ಕಣ್ಣು ಕಳೆದುಕೊಂಡವರ ಬಗ್ಗೆ ‘ಕಣ್ಣು ಮುಚ್ಚಿದರು’ ಎನ್ನಲು ಇವರಿಗೆ ನಾಚಿಕೆಯೂ ಆಗಲಿಲ್ಲ. ಬಾಗಿಲು ಗಾಳಿಗೆ ಅಂಟಿಕೊಂಡಿರಬಹುದಂತೆ. ಹಿಂದೆ ದೊಡ್ಡ ಗಂಟೆ ಒಡೆದಾಗಲೂ ಇದೇ ಸಮಿತಿ ‘ಬಿಸಿಲಿಗೆ ತಾನಾಗಿ ಒಡೆಯಿತು’ ಎಂದು ಓದಿತ್ತು. ಆವತ್ತು ಗೋಪುರದ ಮೆಟ್ಟಿಲ ಮೇಲೆ ಸುತ್ತಿಗೆ ಬಿದ್ದದ್ದನ್ನು ನೋಡಿದವನು ನಾನು. ನಲವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವನಿಗೆ ಇಷ್ಟಾದರೂ ಗೊತ್ತು: ಕಂಡದ್ದನ್ನು ಬಿಸಿಬಿಸಿಯಾಗಿ ಬರೆದಿಡದಿದ್ದರೆ ಊರು ಅದನ್ನು ನುಂಗಿ ನೀರು ಕುಡಿಯುತ್ತದೆ. ಅದಕ್ಕೇ ಈ ಪುಸ್ತಕ ತೆರೆದಿದ್ದೇನೆ.

ಮೊದಲು ಬರೆಯಬೇಕಾದದ್ದು ಇದು. ಶನಿವಾರ ಅವರನ್ನು ಹೊರಗೆ ತಂದಾಗ ಬಲಗಡೆಯ ಕಿವಿ, ಕೆನ್ನೆ ಇದ್ದಿಲಿನಿಂದ ಕಪ್ಪಾಗಿತ್ತು. ಬೇರೆಲ್ಲೂ ಇಲ್ಲ, ಎರಡು ಅಂಗೈ ಮತ್ತು ಆ ಒಂದು ಕಿವಿ. ಗೋಡೆಗೆ ಒರಗಿ ಕೂತಿದ್ದರು. ಮಲಗಿರಲೇ ಇಲ್ಲ.

ಅಕ್ಕ ಇನ್ಸಾಫ್ ಬೇಯಿಸಿದ ಕಾಳು ತಂದಿಟ್ಟು ಎದುರಿಗೇ ಕೂತಳು. ಅವಳ ತಕರಾರೇ ಬೇರೆ.

“ಮೂರನೇ ದಿನದ ನೀರು ಹಾಕಿಲ್ಲ ಕಣೋ ನಸೀಮ್. ಸೋಮವಾರ ಅಬೂನಾ ಬಖೂಮ್ ಎಲ್ಲಿದ್ರು ಗೊತ್ತಾ? ಹಬ್ಬದ ಮಾರನೇ ದಿನ ಅಂತ ನದಿ ದಡದಲ್ಲಿ ಚಾಪೆ ಹಾಸ್ಕೊಂಡು ಉಪ್ಪುಮೀನು ತಿಂತಿದ್ರು. ಪಾದ್ರಿ ಆದೋರು ಬಂದು ಪ್ರಾರ್ಥನೆ ಮಾಡಿ ನೀರು ಚಿಮುಕಿಸ್ದೆ ಸತ್ತೋರ ಜೀವ ಮನೆ ಬಿಟ್ಟು ಹೆಂಗೆ ಹೋಗುತ್ತೆ?”

“ಹಳೇ ಕಾಲದ ಮಾತು ಬಿಡು. ಅವರ ಮನೇಲಿ ಯಾರಿದಾರೆ? ಬೀಗ ಹಾಕಿದೆ.”

“ಅದಕ್ಕೇ ಹೇಳ್ತಿರೋದು. ಮನೆಗೆ ಬೀಗ ಹಾಕಿದ್ರೆ ಬಂದೋರು ಏನ್ಮಾಡ್ತಾರೆ? ಗುರುತಿರೋರ ಮನೆ ಬಾಗಿಲು ತಟ್ತಾರೆ.”

ಓದದ ಹೆಂಗಸಲ್ಲ ನನ್ನಕ್ಕ. ಆದರೂ ಹೀಗೆ.

ಮೇ 8, ಬುಧವಾರ

ಶುಕ್ರವಾರ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಚರ್ಚಿನಲ್ಲಿ ನನ್ನ ಜಾಗ ಎಡಗಡೆಯ ಮೊದಲ ಕಂಬ. ಮುಅಲ್ಲಿಮ್ ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತು ಹಾಡುತ್ತಾರೆ. ನಾನು ಹತ್ತು ವರ್ಷದವನಿದ್ದಾಗ ಆ ಕೈ ಮೊದಲು ಹೆಗಲೇರಿತು. ನನಗೆ ಕೂದಲು ನರೆತರೂ ಇಳಿದಿರಲಿಲ್ಲ. ಮಧ್ಯಾಹ್ನದ ಪ್ರಾರ್ಥನೆಗೂ ಸಂಜೆಯದಕ್ಕೂ ನಡುವೆ ಜನ ಅತ್ತಿತ್ತ ಹೋಗುವ ಹೊತ್ತು. ಅವರು ಕೋಲು ಹಿಡಿದು, “ಅಂಗಳದಲ್ಲಿ ಸ್ವಲ್ಪ ಗಾಳಿ ಕುಡಿದು ಬರ್ತೀನಿ. ನಾನು ಬರೋ ತನಕ ನಿನ್ನ ಜಾಗ ಬಿಡಬೇಡ. ನೀನು ಅಲುಗಾಡಿದ್ರೆ ನನಗೆ ಕಂಬ ಸಿಗೋಲ್ಲ” ಎಂದರು. ಅಂಗಳ ಅವರಿಗೆ ಅಂಗೈ ಇದ್ದ ಹಾಗೆ. ನಾನು ಜೊತೆಗೆ ಹೋಗಲಿಲ್ಲ.

ಸಂಜೆಯಾಯಿತು. ಕರ್ತನಾದ ಕ್ರಿಸ್ತನ ಚಿತ್ರಪಟವನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ, ಗುಲಾಬಿ ಎಸಳು, ಸುಗಂಧದ ಪುಡಿ ಹಾಕಿ ಬಲಿಪೀಠದಲ್ಲಿ ಹೂಳುವ ಹೊತ್ತು ಬಂತು. ಆಗ ಹಾಡುವ ಸಮಾಧಿಯ ಹಾಡು ಮುಅಲ್ಲಿಮ್ ಬಿಟ್ಟು ಇನ್ನೊಬ್ಬರ ಬಾಯಲ್ಲಿ ಈ ಊರು ಕೇಳಿದ್ದಿಲ್ಲ. ಅವರು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅವರದೇ ಧ್ವನಿ ಎದ್ದಿತು.

ನನ್ನ ಹೆಗಲು ಬರಿದಾಗಿತ್ತು, ಧ್ವನಿ ಮಾತ್ರ ನಾಲ್ಕು ಗೋಡೆಯಿಂದಲೂ ಬರುತ್ತಿತ್ತು. ಬಲಿಪೀಠದ ಒಳಗಿನಿಂದ ಮೈಕಿನಲ್ಲಿ ಹಾಡುತ್ತಿದ್ದಾರೆ ಎಂದುಕೊಂಡೆ. ಬಿಳಿ ಅಂಗಿಯ ಹುಡುಗರು ಸಾಲಾಗಿ ನಿಂತು ಬಾಯಾಡಿಸುತ್ತಿದ್ದರು. ಕ್ಯಾಮೆರಾ ಅವರ ಮುಖದ ಮೇಲಿತ್ತು. ಕಡಲಾಚೆ ನೆಲೆಸಿದ ನಮ್ಮವರೆಲ್ಲ ಮನೆಯಲ್ಲೇ ಕೂತು ನೋಡಲೆಂದು ಈ ವರ್ಷ ಹೊಸ ಏರ್ಪಾಡು. ಒಂದು ಸಾಲು ಮುಗಿಯಿತು, ಎರಡನೆಯದು ಎದ್ದಿತು, ಮೂರನೆಯದು. ಆಗ ನನ್ನ ಮೈಯ ಕೂದಲು ನಿಮಿರಿತು.

ಆ ಧ್ವನಿ ಉಸಿರೆಳೆಯುತ್ತಲೇ ಇರಲಿಲ್ಲ.

ಹಳೆಯ ಧ್ವನಿಮುದ್ರಣ ಅದು. ಯಾವನೋ ಅದನ್ನು ‘ಚೊಕ್ಕ’ ಮಾಡಿ, ನಡುವಿನ ಉಸಿರನ್ನೆಲ್ಲ ಕತ್ತರಿಸಿ ತೆಗೆದಿದ್ದ. ಎದೆಯಿಲ್ಲದ ಗಂಟಲು ಹಾಡಿದ ಹಾಗೆ. ಸುತ್ತಲಿನವರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ನಾನು ಕಂಬ ಹಿಡಿದು ನಿಂತೇ ಇದ್ದೆ. ಬರುವ ತನಕ ಬಿಡಬೇಡ ಎಂದಿದ್ದರಲ್ಲ.

ಎಲ್ಲ ಮುಗಿದ ಮೇಲೆ ಕೇಳಿದೆ. ಸಮಿತಿಯವರ ಗುಂಪಿನಿಂದ, “ದಣಿದಿದ್ರು, ಕಾರಲ್ಲಿ ಮನೆಗೆ ಕಳಿಸಿದೀವಿ ಮೇಷ್ಟ್ರೇ” ಎಂದು ಒಂದು ದನಿ ಬಂತು. ಯಾರದೆಂದು ತಿಳಿಯಲಿಲ್ಲ. ಅವರ ಮನೆಯ ಬಾಗಿಲಿಗೆ ಹೋದೆ. ಒಳಗೆ ಕತ್ತಲೆ. ಕುರುಡರ ಮನೆಯಲ್ಲಿ ಎಂದಾದರೂ ದೀಪ ಇರುತ್ತದೆಯೇ? ಮಲಗಿದ್ದಾರೆ, ಎಬ್ಬಿಸುವುದು ಬೇಡ ಎಂದು ತಿರುಗಿ ಬಂದೆ.

ಮೇ 10, ಶುಕ್ರವಾರ

ನಮ್ಮ ಹಾಡುಗಳಿಗೆ ಬರಹದ ಸ್ವರವಿಲ್ಲ. ಒಂದು ಪದವನ್ನು ಎಳೆದು ಎಳೆದು, ಊದುಬತ್ತಿಯ ಹೊಗೆಯ ಹಾಗೆ ಸುತ್ತಿಸಿ ಬಿಡಬೇಕು. ಎಲ್ಲಿ ಉಸಿರು ಕದಿಯಬೇಕು ಎನ್ನುವುದೇ ವಿದ್ಯೆ. ಕೇಳುವವರಿಗೆ ತಿಳಿಯಬಾರದು. ಅದನ್ನು ಮುಅಲ್ಲಿಮ್ ಬಾಯಲ್ಲಿ ಹೇಳಿಕೊಡುತ್ತಿರಲಿಲ್ಲ. “ಬಾ ಇಲ್ಲಿ, ಕಿವಿ ಇಡು” ಎನ್ನುತ್ತಿದ್ದರು. ಅವರ ಎದೆಗೆ ಬಲಗಿವಿ ಹಚ್ಚಿ ಕೂರುತ್ತಿದ್ದೆ. ಒಳಗೆ ಉಸಿರು ಸದ್ದಿಲ್ಲದೆ ತಿರುವಿಕೊಳ್ಳುವ ಜಾಗ ಹಾಗೆ ಗುರುತಾಗುತ್ತಿತ್ತು. ಅಷ್ಟು ವರ್ಷ ಎಷ್ಟೋ ಮಕ್ಕಳು ಬಂದು ಹೋದರು. ಎದೆಗೆ ಕಿವಿಯಿಡಲು ಬಿಟ್ಟದ್ದು ನನ್ನೊಬ್ಬನನ್ನು.

ಯಾತನೆಯ ವಾರದ ಬುಧವಾರ ಸಂಜೆಯೂ ಹಾಗೇ ಕೂತಿದ್ದೆ. ಹಾಡು ಅರ್ಧಕ್ಕೆ ನಿಲ್ಲಿಸಿ, “ಇವತ್ತು ನನಗೊಬ್ಬ ಮುತ್ತಿಟ್ಟ” ಎಂದರು.

ನಾನು ಬೆಚ್ಚಿ ತಲೆಯೆತ್ತಿದೆ. ಆ ಬುಧವಾರದಿಂದ ಶನಿವಾರದ ತನಕ ನಮ್ಮಲ್ಲಿ ಯಾರೂ ಯಾರಿಗೂ ಮುತ್ತಿಡುವುದಿಲ್ಲ, ಕೈ ಕೂಡ ಹಿಡಿಯುವುದಿಲ್ಲ. ಕರ್ತನಿಗೆ ಮುತ್ತಿಟ್ಟು ಶತ್ರುಗಳಿಗೆ ಹಿಡಿದುಕೊಟ್ಟ ಶಿಷ್ಯನ ನೆನಪಿಗೆ. ಒಡಹುಟ್ಟಿದವರೂ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಹೋಗುತ್ತೇವೆ. ತೊಟ್ಟಿಲ ಕೂಸಿಗೂ ಮುತ್ತಿಲ್ಲ.

“ಮರೆತು ಇಟ್ಟಿರಬೇಕು,” ಎಂದೆ.

“ಹಣೆಗೆ ಇಟ್ಟ. ‘ನಿಮ್ಮಿಷ್ಟ ಮುಅಲ್ಲಿಮ್, ನಿಮ್ಮ ಹಾಡು ನೀವೇ ಹಾಡಿ’ ಅಂತ ಗುಸುಗುಟ್ಟಿದ. ಗುಸುಗುಸು ಅಂದ್ರೆ ಎಲ್ಲರ ದನೀನೂ ಒಂದೇ ಅಲ್ವಾ? ಸಮಿತಿಯೋರು ಅಷ್ಟೂ ಜನ ಸುತ್ತ ನಿಂತಿದ್ರು, ನಿಮ್ಮ ಬದಲು ಯಂತ್ರದಲ್ಲಿ ಹಾಡು ಹಾಕ್ತೀವಿ ಒಪ್ಕೊಳ್ಳಿ ಅಂತ. ನಾನು ಒಪ್ಪಲಿಲ್ಲ.” ಆಮೇಲೆ ನಕ್ಕರು. “ತುಟಿ ತಣ್ಣಗಿತ್ತು ನಸೀಮ್. ಊರೆಲ್ಲ ಒಣಗಿದ ತುಟೀಲಿ ಉಪವಾಸ ಇರೋವಾಗ ಅವನು ತಣ್ಣೀರು ಕುಡಿದು ಬಂದಿದ್ದ.”

ನಾನು ಮತ್ತೆ ಅವರ ಎದೆಗೆ ಒರಗಿ, “ಯಾರು ಅವನು?” ಎಂದು ಕೇಳಿದೆ.

ನನ್ನ ಕಿವಿಯ ಕೆಳಗೆ ಉಸಿರು ಒಂದು ಸಲ ತಿರುವಿಕೊಂಡಿತು, ಅಷ್ಟೇ.

ಕರ್ತನ ಕಡೆಯ ಊಟದ ಹೊತ್ತಿನಲ್ಲಿ ಪ್ರೀತಿಯ ಶಿಷ್ಯನೊಬ್ಬ ಗುರುವಿನ ಎದೆಗೆ ಒರಗಿ ಕೇಳಿದ್ದೂ ಇದನ್ನೇ, ಹಿಡಿದುಕೊಡುವವನು ಯಾರು ಎಂದು. ಸುವಾರ್ತೆಯಲ್ಲಿ ನನ್ನನ್ನು ಸದಾ ಕೆಣಕುವುದು ಉಳಿದವರ ನಡತೆ. ಎಲ್ಲರಿಗೂ ತಿಳಿಯಬೇಕಿತ್ತು, ಒಬ್ಬರೂ ಬಾಯಿಬಿಡಲಿಲ್ಲ. ನೀನು ಹತ್ತಿರ ಇದ್ದೀಯ, ನೀನೇ ಕೇಳು ಎಂದು ಸನ್ನೆ ಮಾಡಿದರು. ನಮ್ಮ ಊರೂ ಹಾಗೇ. ಬೀದಿಯಲ್ಲಿ ಸಿಕ್ಕವರೆಲ್ಲ ನನಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಾರೆ.

ಮೇ 13, ಸೋಮವಾರ

ಫಖ್ರಿ ಗತ್ತಾಸನ ಅಂಗಡಿಗೆ ಹೋಗಿದ್ದೆ. ಸಮಿತಿಯ ಅಧ್ಯಕ್ಷ. ಫ್ರಿಜ್ಜು, ಫ್ಯಾನು, ಸ್ಪೀಕರು ಮಾರುತ್ತಾನೆ. ನನ್ನ ಹಳೆಯ ವಿದ್ಯಾರ್ಥಿ, ಇತಿಹಾಸದಲ್ಲಿ ಮಾತ್ರ ಪಾಸಾಗಲಿಲ್ಲ.

“ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಈ ಬಿಸಿಲಲ್ಲಿ ಯಾಕೆ ಬರೋಕೆ ಹೋದ್ರಿ? ಹೇಳಿದ್ರೆ ನಾನೇ ಬರ್ತಿರ್ಲಿಲ್ವಾ?”

“ಬರ್ತಿರ್ಲಿಲ್ಲ,” ಎಂದೆ.

ನಕ್ಕ. ಮಾರಾಟಕ್ಕಿಟ್ಟ ಫ್ರಿಜ್ಜಿನ ಬಾಗಿಲು ತೆಗೆದು ಎರಡು ಬಾಟಲಿ ತಣ್ಣೀರು ತಂದ. ಒಂದನ್ನು ನನ್ನ ಮುಂದಿಟ್ಟು ಇನ್ನೊಂದನ್ನು ತಾನೇ ಗಟಗಟ ಕುಡಿದ. ನಾನು ಮುಟ್ಟಲಿಲ್ಲ.

“ಚಿಲಕ ಹಾಕಿದ್ದು ಯಾರು ಫಖ್ರಿ?”

“ಅಯ್ಯೋ, ಮತ್ತೆ ಅದೇ ರಾಗ. ಡಾಕ್ಟ್ರು ಹೃದಯ ಅಂತ ಬರೆದಿದಾರೆ. ಎಂಬತ್ತು ದಾಟಿದ ಜೀವ. ಹೋದೋರಿಗೆ ನೆಮ್ಮದಿ ಕೊಡಿ.”

“ಒಳಗೆ ಕೂತವರು ಹೊರಗಿನ ಚಿಲಕ ಹಾಕ್ಕೊಳ್ಳೋಕಾಗುತ್ತಾ? ನೀನು ಲೆಕ್ಕದಲ್ಲಿ ಜಾಣ, ಹೇಳು.”

“ನೋಡಿ ಮೇಷ್ಟ್ರೇ, ಆವತ್ತು ಪ್ರಪಂಚವೇ ನೋಡ್ತಿತ್ತು. ಮುದುಕರ ಗಂಟಲು ಒಡೆದಿತ್ತು, ನಿಮಗೂ ಗೊತ್ತು. ಯಾರಿಗೂ ಕೆಟ್ಟದ್ದು ಮಾಡೋ ಮನಸ್ಸಿರ್ಲಿಲ್ಲ. ಒಂದು ಗಂಟೆ ಮಟ್ಟಿಗೆ, ಹಾಡು ಮುಗಿಯೋ ತನಕ...” ಅಲ್ಲಿಗೆ ನಿಲ್ಲಿಸಿ ಬಾಟಲಿಯ ಮುಚ್ಚಳ ತಿರುಗಿಸತೊಡಗಿದ.

“ಒಂದು ಗಂಟೆ ಮಟ್ಟಿಗೆ ಏನು? ಆಮೇಲೆ ಯಾಕೆ ತೆಗೀಲಿಲ್ಲ?”

“ಬೇರೆ ಯಾರೋ ತೆಗೆದಿರ್ತಾರೆ ಅಂತ ಎಲ್ರೂ ಅಂದ್ಕೊಂಡ್ರು,” ಎಂದ. ಕೂಡಲೇ, “ಅಂದ್ರೆ, ಹಂಗೆ ಜನ ಮಾತಾಡ್ಕೋತಾರೆ,” ಎಂದು ಸೇರಿಸಿದ.

ಅಷ್ಟರಲ್ಲಿ ಕರೆಂಟು ಹೋಯಿತು. ದಿನವೂ ಹೀಗೆ ತೆಗೆಯುತ್ತಿದ್ದಾರೆ, ಸರ್ಕಾರಕ್ಕೂ ಒಂದು ಪತ್ರ ಬರೆಯಬೇಕು. ನಟ್ಟ ನಡುಹಗಲಿನಲ್ಲಿ ಅಂಗಡಿ ಕಪ್ಪಾಯಿತು. ಮೆಟ್ಟಿಲು ಇಳಿದು ಬಂದೆ. “ಕೈ ಹಿಡೀಲಾ ಮೇಷ್ಟ್ರೇ?” ಎಂದು ಹಿಂದಿನಿಂದ ಕೂಗಿದ. ಏನು ಉದ್ಧಟತನ!

ಮೇ 16, ಗುರುವಾರ

ಮರಳುಗಾಳಿ. ಊರೆಲ್ಲ ಹಳದಿ. ಎದುರು ಮನೆಯೇ ಕಾಣುವುದಿಲ್ಲ. ಗಾಳಿ ನಿಂತಿದೆ ಎನ್ನುತ್ತಾಳೆ ಅಕ್ಕ, ನಿಂತ ಹಾಗೆ ನನಗೇನೂ ತೋರುತ್ತಿಲ್ಲ.

ನನ್ನ ದಿಂಬಿನ ಬಲಬದಿಗೆ ಕಪ್ಪು ಕಲೆ ಇದೆಯಂತೆ, ಎರಡು ಸಲ ಒಗೆದರೂ ಹೋಗಲಿಲ್ಲವಂತೆ. ಧೂಳಿನ ಕಾಲ, ಇನ್ನೇನು.

ಮೇ 21, ಮಂಗಳವಾರ

ಇದ್ದಿಲು ಕೋಣೆ ನೋಡಿ ಬಂದೆ. ನಾಲ್ಕು ಮೆಟ್ಟಿಲು ಕೆಳಗೆ. ಕಿಟಕಿಯಿಲ್ಲ. ಧೂಪಕ್ಕೆ ಬೇಕಾಗುವ ಇದ್ದಿಲ ಚೀಲಗಳನ್ನು ಗೋಡೆಗುಂಟ ನಿಲ್ಲಿಸಿದ್ದಾರೆ, ಕೂತ ಮನುಷ್ಯರ ಹಾಗೆ. ಕಾವಲುಗಾರ ಟಾರ್ಚು ತರುತ್ತೇನೆಂದು ಹೋದವನು ತಿರುಗಿ ಬರುವಷ್ಟರಲ್ಲಿ ನನ್ನ ಕೆಲಸ ಮುಗಿದಿತ್ತು. ಮೂಲೆಯಲ್ಲಿ ಮುಅಲ್ಲಿಮ್ ಅವರ ಕೋಲು ಬಿದ್ದಿತ್ತು. ಸಮಿತಿಯವರು ಅದನ್ನು ಎತ್ತಿಡುವ ಮರ್ಯಾದೆಯನ್ನೂ ತೋರಿಸಿಲ್ಲ. ತಂದಿದ್ದೇನೆ. ಅವರ ತಮ್ಮನ ಮಗ ಬಂದಾಗ ಕೊಡುವುದು.

“ಟಾರ್ಚಿಲ್ದೆ ಕೋಲು ಹೆಂಗೆ ಕಾಣಿಸ್ತು ಮೇಷ್ಟ್ರೇ?” ಎಂದ ಕಾವಲುಗಾರ. ಕಾಣುವುದೇನು, ಎಲ್ಲಿ ಬಿದ್ದಿದೆ ಎಂದು ಗೊತ್ತಿತ್ತು.

ದಾರಿಯಲ್ಲಿ ಕೋಲು ಕೈಗೆ ಚೆನ್ನಾಗಿ ಹೊಂದಿಕೊಂಡಿತು. ನಮ್ಮ ಬೀದಿಯ ಕಲ್ಲುಗಳು ಎಷ್ಟು ಎಗುಡುತಗ್ಗು ಎಂಬುದು ಇಷ್ಟು ವರ್ಷ ಗಮನಕ್ಕೇ ಬಂದಿರಲಿಲ್ಲ.

ಮೇ 26, ಭಾನುವಾರ

ಪೂಜೆಯ ನಂತರ ಅಬೂನಾ ಬಖೂಮ್ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಒಳ್ಳೆಯವರ ಮೌನದಿಂದ ಈ ಊರು ಕೆಟ್ಟಷ್ಟು ಕೆಟ್ಟವರ ಮಾತಿನಿಂದ ಕೆಟ್ಟಿಲ್ಲ.

ಇನ್ಸಾಫ್ ಬಾಗಿಲಲ್ಲೇ ಅವರನ್ನು ಹಿಡಿದಳು. “ಮೀನು ಅರಗಿತಾ ಅಬೂನಾ? ಈಗ ನೀರು ಹಾಕೋಕೆ ಬಂದ್ರಾ?”

“ಬೈಕೋ ತಾಯಿ, ಬೈಕೋ. ತಪ್ಪಾಯ್ತು,” ಎಂದು ಒಳಗೆ ಬಂದರು. ನನ್ನ ಎದುರು ಕೂತರು. “ನಸೀಮ್, ದೀಪ ಹಾಕಿಸ್ಲಾ?” ಎಂದರು.

“ನನಗೇನೂ ಬೇಡ. ನಿಮಗೆ ಬೇಕಿದ್ರೆ ಹಾಕಿಸ್ಕೊಳ್ಳಿ. ಅಬೂನಾ, ಆ ಶುಕ್ರವಾರ ಮುಅಲ್ಲಿಮ್ ಅವರನ್ನ ಕೆಳಗೆ ಕರ್ಕೊಂಡು ಹೋದವನು ಏನು ಹೇಳಿ ಕರ್ಕೊಂಡು ಹೋದ ಗೊತ್ತಾ? ‘ನಸೀಮ್ ಮೇಷ್ಟ್ರು ಉಪವಾಸದಿಂದ ತಲೆಸುತ್ತಿ ಬಿದ್ದಿದಾರೆ. ಇದ್ದಿಲು ಕೋಣೆ ತಂಪಾಗಿದೆ ಅಂತ ಅಲ್ಲಿ ಮಲಗಿಸಿದೀವಿ. ನಿಮ್ಮನ್ನೇ ಕೇಳ್ತಿದಾರೆ, ಬೇಗ ಬನ್ನಿ’ ಅಂದ. ಅದನ್ನ ಕೇಳಿ ಅವರು ಕೋಲು ಊರೋದನ್ನೂ ಮರೆತು ಓಡಿದ್ರು. ಬೇರೆ ಯಾವ ಮಾತು ಹೇಳಿದ್ರೂ ಅವರು ಬರ್ತಿರ್ಲಿಲ್ಲ. ನನ್ನ ಹೆಸರು ಹಾಕಿ ಬಲೆ ನೇಯ್ದರು.”

ಅಬೂನಾ ಅವರ ಉಸಿರು ತಪ್ಪಿತು. ನಾನು ಕೇಳಿಸಿಕೊಂಡೆ. ಮೂಗಿನಲ್ಲಿ ಹೋದದ್ದು ಗಂಟಲಲ್ಲಿ ಸಿಕ್ಕಿಕೊಂಡಿತು. “ಇದನ್ನ ನಿನಗೆ ಯಾರು ಹೇಳಿದ್ರು?” ಎಂದರು.

ಸುಳ್ಳು ಎನ್ನಲಿಲ್ಲ. ಇದನ್ನು ಗುರುತು ಹಾಕಿಡಬೇಕು. ಸುಳ್ಳು ಎನ್ನಲಿಲ್ಲ, ಯಾರು ಹೇಳಿದ್ದು ಎಂದು ಮಾತ್ರ ಕೇಳಿದರು.

“ಹಾಗಾದ್ರೆ ನಿಮಗೂ ಗೊತ್ತು.”

“ನನಗೆ ಆಮೇಲೆ ಹೇಳಿದ್ರು, ಪಾಪ ಒಪ್ಪಿಕೊಳ್ಳೋವಾಗ. ಅದನ್ನ ನಾನು ಬಾಯಿಬಿಡೋ ಹಾಗಿಲ್ಲ ಮಗಾ.” ಎದ್ದವರು ಹೋಗುವ ಮುಂಚೆ ನನ್ನ ಕೈ ಹಿಡಿದರು. ಅವರದಲ್ಲ ಆ ತುಟಿ. ಅವರು ಮುತ್ತಿಟ್ಟಿದ್ದರೆ ಗಡ್ಡ ಹಣೆಗೆ ತಾಗುತ್ತಿತ್ತು.

ಅವರು ಹೋದ ಮೇಲೆ ಅಕ್ಕನೂ ಅದನ್ನೇ ಕೇಳಿದಳು. “ನಿಜ ಹೇಳೋ. ಯಾರು ಹೇಳಿದ್ದು ನಿನಗೆ?” ಯಾರೋ ಹೇಳಿರಬೇಕು. ಎಲ್ಲ ಮಾತಿಗೂ ಸಾಕ್ಷಿ ಎಲ್ಲಿಂದ ತರಲಿ? ಅಬೂನಾ ತಂದ ಪವಿತ್ರ ನೀರಿನ ಬಾಟಲಿ ಮೇಜಿನ ಮೇಲೇ ಉಳಿದುಬಿಟ್ಟಿದೆ. ಚಿಮುಕಿಸುವುದನ್ನು ಮರೆತು ಹೋದರು. ಇನ್ಸಾಫ್ ಅದನ್ನು ಹಿಡಿದು ನನ್ನ ಕೋಣೆಯ ಹೊಸ್ತಿಲ ತನಕ ಬಂದಳು, ಅಲ್ಲೇ ನಿಂತಳು, ತಿರುಗಿ ಹೋದಳು. ಅವಳ ಚಪ್ಪಲಿಯ ಸದ್ದು ಅಡುಗೆಮನೆ ತಲುಪುವ ತನಕ ಕೇಳಿಸಿತು.

ಮೇ 30, ಗುರುವಾರ

ಅಂಗಡಿಯವನು ಕೊಟ್ಟ ಇಂಕು ನೀರು ಬೆರೆಸಿದ್ದು. ಬರೆದದ್ದು ಕಾಣುವುದೇ ಇಲ್ಲ. ದೂರು ಕೊಡಬೇಕು.

ಜೂನ್ 4, ಮಂಗಳವಾರ

ಅಕ್ಕನ ಜೊತೆ ಜಗಳ. ಈ ಪುಸ್ತಕ ತೆಗೆದು ನೋಡಿದ್ದಾಳೆ. ನನ್ನ ದಿನಚರಿ! “ಓದೋಕೆ ಎಲ್ಲಿ ಬರುತ್ತೋ? ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಬರೆದಿದೀಯ. ನಾಳೆನೇ ಮಿನ್ಯಾ ಪಟ್ಟಣಕ್ಕೆ ಹೋಗೋಣ, ಅಲ್ಲಿ ಕಣ್ಣಿನ ಡಾಕ್ಟ್ರಿದಾರೆ.”

“ನನ್ನ ಕಣ್ಣಿಗೇನಾಗಿದೆ? ಆರು ತಿಂಗಳ ಹಿಂದೆ ತೋರಿಸಿದ್ದೆ.”

“ಈಗ ನಾನು ಯಾವ ಬಣ್ಣದ ಶಾಲು ಹೊದ್ದಿದೀನಿ ಹೇಳು ನೋಡೋಣ.”

“ಕಪ್ಪು. ಗಂಡ ಹೋದ ಮೇಲೆ ನೀನು ಬೇರೆ ಬಣ್ಣ ಹೊದ್ದಿದ್ದು ಯಾವಾಗ?”

ಸ್ವಲ್ಪ ಹೊತ್ತಿಗೆ ಅಳುವ ಸದ್ದು. ಹೆಂಗಸರು ಯಾವುದಕ್ಕೆ ಅಳುತ್ತಾರೋ. ಆಮೇಲೆ ಬಂದು, ಬಿಸಿಲಿಗೆ ಹುದುಗಿಸಿದ ರೊಟ್ಟಿ ಮುರಿದು ನನ್ನ ಕೈಗೇ ಕೊಟ್ಟಳು. “ಹಾಡ್ಬೇಡ್ವೋ ನಸೀಮ್,” ಎಂದಳು. “ಹಗಲೆಲ್ಲ ಕೂತ್ಕೊಂಡು ಆ ಸಮಾಧಿ ಹಾಡು ಹಾಡ್ತೀಯ. ಈಸ್ಟರ್ ಆಗಿ ಐವತ್ತು ದಿನ ಸಂತೋಷದ ಹಾಡು ಬಿಟ್ಟು ಬೇರೆ ಹಾಡಬಾರದು. ಅಕ್ಕಪಕ್ಕದೋರು ಕಿಟಕಿ ಮುಚ್ಕೋತಿದಾರೆ. ಅದೂ ಮುಅಲ್ಲಿಮ್ ದನೀಲಿ.”

ನಾನು ಹಾಡುತ್ತಿಲ್ಲ. ಗುನುಗುತ್ತಿರಬಹುದು. ಅವರ ಶಿಷ್ಯ ಅವರ ದನಿಯಲ್ಲಿ ಹಾಡದೆ ಕೋಳಿಯ ದನಿಯಲ್ಲಿ ಹಾಡುತ್ತಾನೆಯೇ?

ಇವತ್ತಿನಿಂದ ಸ್ಕೇಲು ಇಟ್ಟು, ಅದರ ಅಂಚಿಗೆ ಬೆರಳು ಹಚ್ಚಿ ಬರೆಯುತ್ತಿದ್ದೇನೆ. ಗೆರೆ ನೇರ ಬರುತ್ತದೆ.

ಜೂನ್ 8, ಶನಿವಾರ

ಬೀದಿಯ ಮಕ್ಕಳು ನನ್ನನ್ನು ‘ಮುಅಲ್ಲಿಮ್’ ಎಂದು ಕರೆದು ಓಡಿಹೋದವು. ಗದರಿಸಬೇಕಿತ್ತು. ಓಗೊಟ್ಟುಬಿಟ್ಟೆ.

ಜೂನ್ 12, ಬುಧವಾರ

ಇವತ್ತು ಮುಅಲ್ಲಿಮ್ ಅವರ ನಲವತ್ತನೆಯ ದಿನದ ಪ್ರಾರ್ಥನೆ ಇತ್ತು. ಚರ್ಚು ತುಂಬಿತ್ತು. ಮೌನದ ಊರು ಊಟದ ದಿನ ತಪ್ಪದೆ ಬರುತ್ತದೆ.

ಇನ್ಸಾಫ್ ನನ್ನ ತೋಳು ಹಿಡಿದು ಕರೆದೊಯ್ದಳು. ಎಡಗಡೆಯ ಮೊದಲ ಕಂಬಕ್ಕೆ ಬಂದು ಕೈ ಚಾಚಿದೆ, ಹೆಗಲಿಗಾಗಿ. ಅಲ್ಲಿ ಯಾರೂ ಇರಲಿಲ್ಲ. ಕಂಬವನ್ನೇ ಹಿಡಿದು ನಿಂತೆ. ಹುಡುಗರು ಹಬ್ಬದ ರಾಗ ಎತ್ತಿದರು. ಆ ರಾಗ ಮುಗಿದ ಕೂಡಲೇ ನಾನು ಸಮಾಧಿಯ ಹಾಡು ಹಿಡಿದೆ. ಇದು ಅದರ ಕಾಲವಲ್ಲ, ಬಲ್ಲೆ. ಅದರ ಕಾಲದಲ್ಲಿ ಯಂತ್ರ ಹಾಡಿತು. ಉಸಿರಿಲ್ಲದ ಹಾಡಿನಿಂದ ಹೂಳಿದರೆ ಹೂಳಿದ ಹಾಗಲ್ಲ.

ಒಂದು ಸಾಲಿಗೆ ಪಿಸುಮಾತು ನಿಂತಿತು. ಎರಡನೆಯದಕ್ಕೆ ಕೂಸುಗಳ ಅಳುವೂ ನಿಂತಿತು. ಉಸಿರು ಕದಿಯುವ ಜಾಗ ಬಂದಾಗ ನಾನು ಕದಿಯಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ಬಾಯಿ ತೆರೆದು, ದೊಡ್ಡದಾಗಿ ಎಳೆದೆ. ಯಾವಳೋ ಹೆಂಗಸು “ಅವರೇ!” ಎಂದು ಚೀರಿದಳು.

ಆಗ ಹೆಜ್ಜೆಗಳು ಬಂದವು. ಭಾರವಾದ ಬೂಟು, ಎಡಗಾಲು ಸ್ವಲ್ಪ ಎಳೆಯುತ್ತದೆ. ಹತ್ತಿರ ಬಂದು ನನ್ನ ಎರಡೂ ಹೆಗಲು ಹಿಡಿದು, “ಕ್ರಿಸ್ತ ಎದ್ದಿದಾನೆ,” ಎಂದು ಈಸ್ಟರ್ ವಂದನೆ ಹೇಳಿದ, ಜನಕ್ಕೆ ಕೇಳಲೆಂದು. ಹಬ್ಬದ ದಿನಗಳಲ್ಲಿ ಮುತ್ತಿಡಬಹುದು. ನನ್ನ ಹಣೆಗೆ ಮುತ್ತಿಟ್ಟ. “ಸಾಕು ಮೇಷ್ಟ್ರೇ, ಮನೆಗೆ ಹೋಗೋಣ,” ಎಂದು ಗುಸುಗುಟ್ಟಿದ.

ತಣ್ಣಗಿತ್ತು. ಯಾತನೆಯ ವಾರದ ಬುಧವಾರದ ಅದೇ ತುಟಿ, ಹಣೆಯ ಅದೇ ಜಾಗ.

“ನೀನಾ, ಫಖ್ರಿ,” ಎಂದೆ.

ನನ್ನ ಹೆಗಲಿನಿಂದ ಕೈ ಕಿತ್ತುಕೊಂಡ. ಅವನು ಹಿಂದಕ್ಕೆ ಹೋಗುವಾಗ ಬೆಂಚು ಉರುಳಿದ ಸದ್ದಾಯಿತು. ಚರ್ಚಿನಲ್ಲಿ ಅಷ್ಟು ಜನರಿದ್ದರು. ಒಬ್ಬರೂ ಉಸಿರೆಳೆಯಲಿಲ್ಲ, ಆ ಯಂತ್ರದ ಹಾಗೆ.

ನಾಳೆ ಕರ್ತನು ಪರಲೋಕಕ್ಕೆ ಏರಿದ ಹಬ್ಬ. ಊರೆಲ್ಲ ಮತ್ತೆ ಸೇರುತ್ತದೆ, ಕ್ಯಾಮೆರಾವೂ ಇರುತ್ತದೆ. ಇದನ್ನು ಇನ್ಸಾಫ್ ಕೈಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಚರ್ಚಿನ ಬಾಗಿಲಿಗೆ ಅಂಟಿಸುತ್ತೇನೆ:

ಫಖ್ರಿ ಗತ್ತಾಸ್, ಮತ್ತು ಸುತ್ತ ನಿಂತಿದ್ದ ಸಮಿತಿಯವರೇ. ಮುತ್ತಿಡಬಾರದ ವಾರದಲ್ಲಿ ನನ್ನ ಹಣೆಗೆ ಮುತ್ತಿಟ್ಟಿರಿ. ಶುಕ್ರವಾರ ಅಂಗಳದಲ್ಲಿ ನನ್ನ ಕೈ ಹಿಡಿದು, ನಸೀಮ್ ಬಿದ್ದಿದ್ದಾನೆ, ಕೆಳಗೆ ಮಲಗಿಸಿದ್ದೇವೆ ಎಂದಿರಿ. ನಾಲ್ಕು ಮೆಟ್ಟಿಲು ಇಳಿದು ಬಂದೆ. ಹಿಂದೆ ಚಿಲಕ ಬಿತ್ತು. ನಸೀಮ್, ನಸೀಮ್ ಎಂದು ಕರೆದೆ. ಅವನಿಗೆ ಮಾತಾಡಲೂ ಶಕ್ತಿಯಿಲ್ಲವೆಂದುಕೊಂಡೆ. ಕೈಗೆ ಸಿಕ್ಕ ಒಂದೊಂದು ಚೀಲದ ಮೇಲೂ ಕಿವಿಯಿಟ್ಟು ಕೇಳಿದೆ, ಇದು ಅವನ ಎದೆಯೇ, ಇಲ್ಲಿ ಉಸಿರಿದೆಯೇ ಎಂದು. ಮೇಲೆ ನನ್ನದೇ ಗಂಟಲು ಹಾಡುತ್ತಿತ್ತು. ಅವನು ನಾನು ಹೇಳಿದ ಜಾಗದಲ್ಲೇ ನಿಂತಿದ್ದ, ನಾನು ಬರುವ ತನಕ.

ನಾನು ಬಂದಿದ್ದೇನೆ. ಚಿಲಕ ಹಾಕಿದ ಕೈ ಯಾರದು? ಎಲ್ಲರ ಮುಂದೆ ಎದ್ದು ನಿಂತು ಹೇಳಿ.